ಪ್ರಜೆಗಳ ರಾಜಧಾನಿಯಲ್ಲಿ ಪ್ರಜೆಗಳಿಗೆ ಮೂರು ದಿನ

ವಸಂತ ರಜೆ ಹತ್ತಿರವಾದಂತೆ ಅಮೆರಿಕದ ಕನ್ನಡ ಕುಟುಂಬಗಳ ವಾಟ್ಸ್‌ಆಪ್ ಗುಂಪುಗಳಲ್ಲಿ ವಾಷಿಂಗ್ಟನ್ ಪ್ರವಾಸದ ಎಕ್ಸೆಲ್ ಹಾಳೆಯೊಂದು ಮತ್ತೆ ಸುತ್ತತೊಡಗಿದೆ. ಮಕ್ಕಳ ಶಾಲೆಗೆ ಒಂದು ವಾರ ರಜೆ, ತಂದೆತಾಯಿಯರಿಗೆ ಕಚೇರಿಯಿಂದ ಸಿಕ್ಕಿರುವುದು ಮೂರು ದಿನ, ಆ ಮೂರು ದಿನಗಳಲ್ಲಿಯೂ ಮಧ್ಯಾಹ್ನ ಎರಡಕ್ಕೆ ತಪ್ಪಿಸಲಾಗದ ಒಂದು ಮೀಟಿಂಗ್. ಹೀಗಾಗಿ ಒಂದು ಇಡೀ ಗಣರಾಜ್ಯದ ಇತಿಹಾಸವನ್ನು ಹದಿನೈದು ಹದಿನೈದು ನಿಮಿಷಗಳ ತುಂಡುಗಳಾಗಿ ಕತ್ತರಿಸಿ, ತುಂಡಿಗೊಂದು ಬಣ್ಣ ಬಳಿದು ಇಡಲಾಗಿದೆ. ಲಿಂಕನ್ನನಿಗೆ ಇಪ್ಪತ್ತು ನಿಮಿಷ. ಮೆಟ್ಟಿಲು ಹತ್ತಿ ಇಳಿಯುವುದೂ ಅದರಲ್ಲೇ ಸೇರಿದೆ. ಜೆಫರ್ಸನ್ನನ ಹೆಸರಿನ ಮುಂದೆ ‘ದೂರದಿಂದ’ ಎಂಬ ಷರಾ ಇದೆ. ಮ್ಯಾಸಚೂಸೆಟ್ಸ್ ಅವೆನ್ಯೂದಲ್ಲಿ ಭಾರತದ ರಾಯಭಾರ ಕಚೇರಿಯ ಹತ್ತಿರ ಕೋಲೂರಿ ನಡೆಯುತ್ತಿರುವ ಗಾಂಧೀಜಿಯ ಪ್ರತಿಮೆ, 2000ದಲ್ಲಿ ವಾಜಪೇಯಿಯವರು ಬಂದು ಸಮರ್ಪಿಸಿದ್ದು, ‘ಕಾರಿನಿಂದಲೇ’ ಎಂಬ ಪಟ್ಟಿಗೆ ಸೇರಿದೆ.

ಈ ಹಾಳೆಯನ್ನು ನೋಡಿ ನಗುವುದು ಸುಲಭ. ಆದರೆ ಇದನ್ನು ತಯಾರಿಸಿದವರ ಮೇಲೆ ನನಗಿರುವುದು ಗೌರವವೇ. ಏಕೆಂದರೆ ಇದಕ್ಕಿಂತ ಕಡಿಮೆ ಸಿದ್ಧತೆಯಿಂದ ಆ ನಗರದೊಳಗೆ ಕಾಲಿಡುವವನಿಗೆ ಹುಲ್ಲುಹಾಸಿನ ಹೊರತು ಬೇರೇನೂ ದಕ್ಕುವುದಿಲ್ಲ. ವಾಷಿಂಗ್ಟನ್ನಿನಲ್ಲಿ ಎಲ್ಲವೂ ಪ್ರಜೆಗಳಿಗೆ ಸೇರಿದ್ದು, ಬಹುತೇಕ ಎಲ್ಲವೂ ಪುಕ್ಕಟೆ, ಹಾಗಾಗಿಯೇ ಪ್ರತಿಯೊಂದಕ್ಕೂ ಮೊದಲೇ ಅರ್ಜಿ ಹಾಕಬೇಕು. ವಾಷಿಂಗ್ಟನ್ ಸ್ಮಾರಕಸ್ತಂಭದ ಮೇಲಕ್ಕೆ ಹೋಗಲು ಟಿಕೆಟ್ಟಿಗೆ ಬೆಲೆಯಿಲ್ಲ, ಅದನ್ನು ಆನ್‌ಲೈನಿನಲ್ಲಿ ಕಾದಿರಿಸಲು ಮಾತ್ರ ಒಂದು ಡಾಲರ್ ಶುಲ್ಕ. ಮೂವತ್ತು ದಿನ ಮುಂಚಿತವಾಗಿ, ಬೆಳಗಿನ ಹತ್ತು ಗಂಟೆಗೆ ಸರಿಯಾಗಿ ಕಿಂಡಿ ತೆರೆಯುತ್ತದೆ. ರಜೆಯ ದಿನಗಳಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿಯೂ ಹೋಗುತ್ತದೆ. ವಿಮಾನ ಮತ್ತು ಬಾಹ್ಯಾಕಾಶ ಮ್ಯೂಸಿಯಂಗೆ ಸಮಯ ನಮೂದಿಸಿದ ಪಾಸು ಬೇಕು, ಆಫ್ರಿಕನ್ ಅಮೆರಿಕನ್ ಇತಿಹಾಸದ ಮ್ಯೂಸಿಯಂಗೂ ಬೇಕು. ಈ ವಿಷಯದಲ್ಲಿ ನಮ್ಮವರಿಗೆ ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ. ತಿರುಪತಿಯ ಮುನ್ನೂರು ರೂಪಾಯಿಯ ದರ್ಶನದ ಸ್ಲಾಟಿಗಾಗಿ ನಾಲ್ಕು ಮೊಬೈಲುಗಳನ್ನು ಏಕಕಾಲಕ್ಕೆ ತೆರೆದಿಟ್ಟುಕೊಂಡು ಕೂತು ಪಳಗಿದ ಬೆರಳುಗಳು ಅವು. ತಿಮ್ಮಪ್ಪನ ಸನ್ನಿಧಿಯಲ್ಲಿ ಕೊನೆಗೊಂದು ಲಾಡುವಾದರೂ ಸಿಗುತ್ತದೆ ಎಂಬುದೊಂದೇ ವ್ಯತ್ಯಾಸ.

ಇಷ್ಟೊಂದು ಮ್ಯೂಸಿಯಂಗಳು ಇಲ್ಲಿ ಪುಕ್ಕಟೆಯಾಗಿರುವುದರ ಹಿಂದಿನ ಕತೆಯೂ ಸ್ವಾರಸ್ಯಕರವಾಗಿದೆ. ಜೇಮ್ಸ್ ಸ್ಮಿತ್‌ಸನ್ ಎಂಬ ಇಂಗ್ಲಿಷ್ ವಿಜ್ಞಾನಿ ತನ್ನ ಆಸ್ತಿಯನ್ನು, ಜೀವನದಲ್ಲಿ ಒಮ್ಮೆಯೂ ಕಾಲಿಡದ ಈ ದೇಶಕ್ಕೆ ಸೇರುವಂತೆ ಉಯಿಲು ಬರೆದು 1829ರಲ್ಲಿ ತೀರಿಕೊಂಡ. ಚಿನ್ನದ ನಾಣ್ಯಗಳ ರೂಪದಲ್ಲಿ ಆ ಹಣ 1838ರಲ್ಲಿ ಅಮೆರಿಕಕ್ಕೆ ಬಂತು. ಬಂದ ಹಣವನ್ನು ಏನು ಮಾಡುವುದೆಂದು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸು ಎಂಟು ವರ್ಷ ಚರ್ಚಿಸಿತು. ಚರ್ಚೆ ನಡೆದಿರುವಾಗಲೇ ಆ ಹಣದ ಬಹುಭಾಗವನ್ನು ಆರ್ಕನ್ಸಾ ರಾಜ್ಯದ ಬಾಂಡುಗಳಲ್ಲಿ ತೊಡಗಿಸಲಾಗಿ, ಆ ರಾಜ್ಯ ಸಾಲ ತೀರಿಸದೆ ಕೈಯೆತ್ತಿತು. ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಹಟ ಹಿಡಿದು ವಾದಿಸಿದ್ದರಿಂದ ಸರ್ಕಾರ ಕಳೆದ ಹಣವನ್ನು ಬಡ್ಡಿಸಮೇತ ತುಂಬಿಕೊಟ್ಟು, 1846ರಲ್ಲಿ ಈ ಮ್ಯೂಸಿಯಂಗಳನ್ನು ನಡೆಸುವ ಸ್ಮಿತ್‌ಸೋನಿಯನ್ ಸಂಸ್ಥೆಯನ್ನು ಸ್ಥಾಪಿಸಿತು. ದಾನಿ ತಾನು ಮಾತ್ರ ಸತ್ತು ಎಪ್ಪತ್ತೈದು ವರ್ಷಗಳಾದ ಮೇಲೆ, 1904ರಲ್ಲಿ, ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಟಲಿಯಿಂದ ತಂದ ಪೆಟ್ಟಿಗೆಯಲ್ಲಿ ವಾಷಿಂಗ್ಟನ್ನಿಗೆ ಬಂದಿಳಿದ. ಸಾಲಿನಲ್ಲಿ ನಿಲ್ಲದೆ ಸ್ಮಿತ್‌ಸೋನಿಯನ್ನಿನ ಒಳಗೆ ಹೋದ ಸಂದರ್ಶಕ ನನಗೆ ತಿಳಿದಂತೆ ಅವನೊಬ್ಬನೇ.

ಹಾಳೆಯಲ್ಲಿ ಕೆಂಪು ಬಣ್ಣ ಬಳಿದಿರುವ ಮನೆ ಶ್ವೇತಭವನದ್ದು. ಅದನ್ನು ನೋಡಬೇಕಾದವರು ಕನಿಷ್ಠ 21 ದಿನ ಮೊದಲು ತಮ್ಮ ಕ್ಷೇತ್ರದ ಸಂಸದರ ಕಚೇರಿಗೆ ಅರ್ಜಿ ಸಲ್ಲಿಸಬೇಕು. ವಿದೇಶಿ ಪ್ರಜೆಗಳು ತಮ್ಮ ದೇಶದ ರಾಯಭಾರ ಕಚೇರಿಯನ್ನು ಸಂಪರ್ಕಿಸಬೇಕು. ಈ ನಿಯಮವನ್ನು ನಮ್ಮ ಒಂದು ಸಾಧಾರಣ ಮನೆಗೆ ಅನ್ವಯಿಸಿ ನೋಡಿ. ಗ್ರೀನ್ ಕಾರ್ಡಿನ ಸರದಿಯಲ್ಲಿ ದಶಕದಿಂದ ನಿಂತಿರುವ ತಂದೆ ಭಾರತದ ಪ್ರಜೆ, ತಾಯಿಯೂ ಭಾರತದ ಪ್ರಜೆ, ಊರಿನಿಂದ ಬಂದಿರುವ ಅಜ್ಜಿ ಪ್ರವಾಸಿ ವೀಸಾದವರು, ಎಂಟು ವರ್ಷದ ಮಗಳು ಮಾತ್ರ ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಮನೆಯಲ್ಲಿ ಸಂಸದರಿಗೆ ಪತ್ರ ಬರೆಯುವ ಸಂಪೂರ್ಣ ಅರ್ಹತೆಯುಳ್ಳವಳು ಮೂರನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಉಳಿದವರು ಅವಳ ಹಿಂದೆ ವಿನಯದಿಂದ ನಿಲ್ಲಬೇಕು. ಒಂದು ಕುಟುಂಬ ಒಂದು ಮನೆಯನ್ನು ನೋಡಿಬರಲು ಎರಡು ಸರ್ಕಾರಗಳು ಪತ್ರವ್ಯವಹಾರ ನಡೆಸುವ ಈ ವ್ಯವಸ್ಥೆಯನ್ನು ರೂಪಿಸಿದ ಮಹಾನುಭಾವನಿಗೆ ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಖಂಡಿತವಾಗಿ ಒಳ್ಳೆಯ ಭವಿಷ್ಯವಿತ್ತು.

ಅರ್ಜಿ ಮಂಜೂರಾದರೂ ಹಿಗ್ಗಬೇಕಾಗಿಲ್ಲ. 2013ರ ಮಾರ್ಚ್ ತಿಂಗಳಲ್ಲಿ, ಸರಿಯಾಗಿ ಶಾಲೆಗಳಿಗೆ ವಸಂತ ರಜೆ ಆರಂಭವಾಗುವ ಹೊತ್ತಿಗೆ, ಎರಡು ಪಕ್ಷಗಳೂ ಒಪ್ಪಂದಕ್ಕೆ ಬಾರದ ಕಾರಣ ಸರ್ಕಾರದ ಖರ್ಚಿಗೆ ತಾನಾಗಿಯೇ ಕತ್ತರಿ ಬಿದ್ದು, ಶ್ವೇತಭವನದ ಎಲ್ಲ ಪ್ರವಾಸಗಳನ್ನೂ ರದ್ದುಪಡಿಸಲಾಯಿತು. ಕಾವಲಿನ ವೆಚ್ಚದಲ್ಲಿ ವಾರಕ್ಕೆ 74,000 ಡಾಲರ್ ಉಳಿಯುವುದೆಂದು ಲೆಕ್ಕ ಕೊಟ್ಟರು. ಅಯೋವಾ ರಾಜ್ಯದ ಒಂದು ಶಾಲೆಯ ಆರನೆಯ ತರಗತಿಯ ಮಕ್ಕಳು, ಈ ಮನೆ ನಮ್ಮದೂ ಹೌದು, ನೋಡಲು ಬಿಡಿ ಎಂದು ವಿಡಿಯೋ ಮಾಡಿ ಬೇಡಿಕೊಂಡರು. ಒಂದು ಪಕ್ಷ ಆ ಮಕ್ಕಳನ್ನು ತೋರಿಸಿ ಇನ್ನೊಂದು ಪಕ್ಷವನ್ನು ಬೈದಿತು, ಇನ್ನೊಂದು ಪಕ್ಷವೂ ಅದನ್ನೇ ಮಾಡಿತು. ಬಾಗಿಲು ಮಾತ್ರ ತೆರೆಯಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಬಜೆಟ್ ಅಂಗೀಕಾರವಾಗದೆ ಸರ್ಕಾರವೇ ಸ್ಥಗಿತಗೊಂಡಾಗ, ಬಾಗಿಲಾಗಲಿ ಸೂರಾಗಲಿ ಇಲ್ಲದ, ಆಕಾಶಕ್ಕೆ ತೆರೆದುಕೊಂಡಿರುವ ಎರಡನೆಯ ಮಹಾಯುದ್ಧದ ಸ್ಮಾರಕಕ್ಕೂ ಬೇಲಿ ಹಾಕಿದರು. ಮಿಸಿಸಿಪ್ಪಿಯಿಂದ ಗಾಲಿಕುರ್ಚಿಗಳಲ್ಲಿ ಬಂದಿದ್ದ ತೊಂಬತ್ತರ ಆಸುಪಾಸಿನ ಯೋಧರು ಆ ಬೇಲಿಯನ್ನು ದಾಟಿ ಒಳಹೋದರು. ನಾರ್ಮಂಡಿಯ ಕಾಲದ ಆ ಮುದುಕರಿಗೆ ರಾಜಧಾನಿ ಕೊಟ್ಟ ಕೊನೆಯ ಸೈನಿಕ ಕಾರ್ಯಾಚರಣೆ ಇದು.

2025ರ ಕತೆ ಓದುಗರಿಗೆ ಗೊತ್ತೇ ಇದೆ. ಅಕ್ಟೋಬರ್ 1ರಿಂದ 43 ದಿನ ಸರ್ಕಾರ ಸ್ಥಗಿತಗೊಂಡಿತ್ತು. ಹಣವಿಲ್ಲವೆಂದು ಅಕ್ಟೋಬರ್ 12ರಂದು ಸ್ಮಿತ್‌ಸೋನಿಯನ್ ಮ್ಯೂಸಿಯಂಗಳಿಗೆಲ್ಲ ಬೀಗ ಬಿತ್ತು. ಅದಾಗಿ ಎಂಟೇ ದಿನಗಳಲ್ಲಿ, ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ಪ್ರವಾಸಿಗರು ಶ್ವೇತಭವನದೊಳಗೆ ಹೋಗುತ್ತಿದ್ದ ಪೂರ್ವ ಪಾರ್ಶ್ವವನ್ನೇ ಬುಲ್‌ಡೋಜರುಗಳು ಕೆಡವತೊಡಗಿದವು. ಆ ಜಾಗದಲ್ಲಿ ಭರ್ಜರಿಯಾದ ಔತಣಶಾಲೆ ಏಳಲಿದೆ, ಅದರ ಖರ್ಚನ್ನು ಖಾಸಗಿ ದಾನಿಗಳು ಕೊಡುತ್ತಾರೆ, ಆದ್ದರಿಂದ ಜನರಿಗೆ ಹೊರೆಯಿಲ್ಲ ಎಂದರು. ಡೈನೋಸಾರಿನ ಮೂಳೆ ನೋಡಲು ಬಂದ ಮಗುವಿನೆದುರು ಬಾಗಿಲು ತೆರೆಯಲು ಹಣವಿಲ್ಲದ ಊರಿನಲ್ಲಿ ನೃತ್ಯಮಂಟಪಕ್ಕೆ ದಾನಿಗಳು ಸಾಲುಗಟ್ಟಿದರು.

ಇದನ್ನು ಎಷ್ಟೆಂದು ತಮಾಷೆಯಾಗಿ ಬರೆಯುವುದು? ಸಂಬಳವಿಲ್ಲದೆ ಮನೆಯಲ್ಲಿ ಕೂತವರು ಮ್ಯೂಸಿಯಂನ ನೌಕರರು, ಸಂಬಳವಿಲ್ಲದೆ ಕೆಲಸ ಮಾಡಿದವರು ವಿಮಾನ ನಿಲ್ದಾಣಗಳ ಸಿಬ್ಬಂದಿ. ಬಜೆಟ್ ಅಂಗೀಕರಿಸಬೇಕಾದದ್ದು ಯಾರ ಕೆಲಸವೋ ಆ ಸಂಸದರ ಸಂಬಳ ಆ 43 ದಿನಗಳಲ್ಲಿ ಒಂದು ದಿನಕ್ಕೂ ನಿಂತಿರಲಿಲ್ಲ, ಏಕೆಂದರೆ ಅದಕ್ಕೆ ಸಂವಿಧಾನದ ರಕ್ಷಣೆಯಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ನಮ್ಮ ಹಿರಿಯರು ಮೂರ್ಖತನವೆಂದು ತಿಳಿದಿದ್ದರು. ಇಲ್ಲಿ ಅದು ಸಂಧಾನದ ತಂತ್ರ. ವರ್ಷವಿಡೀ ದುಡಿದು, ರಜೆ ಹೊಂದಿಸಿ, ಹೋಟೆಲಿಗೆ ಮುಂಗಡ ಕಟ್ಟಿ ಬಂದ ಕುಟುಂಬವು ಬೀಗದ ಮುಂದೆ ನಿಂತು ಮಕ್ಕಳಿಗೆ ಏನೆಂದು ವಿವರಿಸಬೇಕು? ಯಾವ ಪಕ್ಷದ ತಪ್ಪು ಎಂಬುದು ಆ ಮಕ್ಕಳಿಗೆ ಬೇಕಾಗಿಲ್ಲ, ನನಗೂ ಈಗ ಬೇಕಾಗಿಲ್ಲ.

ಇರಲಿ, ಹೊಟ್ಟೆಯ ವಿಚಾರಕ್ಕೆ ಬರೋಣ. ಹಾಳೆಯ ಕೊನೆಯ ಕಲಂನಲ್ಲಿ ಚಿತ್ರಾನ್ನ, ಕೋಡುಬಳೆ, ಅವಲಕ್ಕಿ ಎಂದು ದಿನವಾರು ಬರೆದಿದ್ದಾರೆ. ಎಲ್ಲಿ ತಿನ್ನಬೇಕೆಂದು ಬರೆದಿಲ್ಲ. ಮೆಟ್ರೋದಲ್ಲಂತೂ ಕೂಡದು. 2000ದ ಅಕ್ಟೋಬರಿನಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಟೆನ್ಲಿಟೌನ್ ನಿಲ್ದಾಣದಲ್ಲಿ ಒಂದೇ ಒಂದು ಆಲೂಗಡ್ಡೆಯ ಫ್ರೆಂಚ್ ಫ್ರೈ ಬಾಯಿಗೆ ಹಾಕಿಕೊಂಡಳೆಂದು ಪೊಲೀಸರು ಅವಳನ್ನು ಬಂಧಿಸಿ, ಕೈಗೆ ಕೋಳ ತೊಡಿಸಿ, ಬೂಟಿನ ದಾರಗಳನ್ನು ಬಿಚ್ಚಿಸಿಕೊಂಡು, ಬೆರಳಚ್ಚು ತೆಗೆದುಕೊಂಡು, ಮೂರು ಗಂಟೆಗಳ ಕಾಲ ಇರಿಸಿಕೊಂಡರು. ಅದೇ ತಪ್ಪನ್ನು ದೊಡ್ಡವರು ಮಾಡಿದ್ದರೆ ಚೀಟಿ ಕೊಟ್ಟು ಕಳುಹಿಸುತ್ತಿದ್ದರು. ಹನ್ನೆರಡು ವರ್ಷದವಳಿಗೆ ದಂಡದ ಚೀಟಿ ಕೊಡುವ ಅವಕಾಶ ಆಗಿನ ನಿಯಮದಲ್ಲಿರಲಿಲ್ಲ, ಬಂಧಿಸುವ ಅವಕಾಶವಿತ್ತು. ಪ್ರಕರಣ ಮೇಲ್ಮನವಿಯ ನ್ಯಾಯಾಲಯದ ಮೆಟ್ಟಿಲು ಹತ್ತಿತು. ನಡೆದದ್ದರಿಂದ ಯಾರಿಗೂ ಸಂತೋಷವಾಗಿಲ್ಲವೆಂಬ ಧಾಟಿಯಲ್ಲಿ ಆರಂಭವಾಗುವ 2004ರ ತೀರ್ಪು, ಬಂಧನದಿಂದ ಸಂವಿಧಾನಕ್ಕೆ ಭಂಗ ಬಂದಿಲ್ಲವೆಂಬಲ್ಲಿ ಮುಗಿಯಿತು. ಅದನ್ನು ಬರೆದವರು ನ್ಯಾಯಮೂರ್ತಿ ಜಾನ್ ರಾಬರ್ಟ್ಸ್. ಮರುವರ್ಷವೇ ಅವರು ದೇಶದ ಮುಖ್ಯ ನ್ಯಾಯಮೂರ್ತಿಯಾದರು. ಒಂದು ಆಲೂಗಡ್ಡೆಯ ಕಡ್ಡಿಗೇ ಇಷ್ಟಾದರೆ, ಕಟಕಟ ಸದ್ದು ಮಾಡುವ, ಎಣ್ಣೆಯಲ್ಲಿ ಕರಿದ, ಇಂಗಿನ ಘಮವು ಇಡೀ ಬೋಗಿಯಲ್ಲಿ ಹರಡುವ ನಮ್ಮ ಕೋಡುಬಳೆಗೆ ಯಾವ ಕಲಮು ಅನ್ವಯಿಸೀತೆಂದು ಅಜ್ಜಿಗೆ ಮೊದಲೇ ತಿಳಿಸಿರುವುದು ಒಳ್ಳೆಯದು.

ಚೆರ್ರಿ ಹೂಗಳ ಬಗ್ಗೆ ಒಂದೆರಡು ಮಾತು ಸಾಕು. ಟೋಕಿಯೋದಿಂದ 1910ರಲ್ಲಿ ಬಂದ ಎರಡು ಸಾವಿರ ಸಸಿಗಳಲ್ಲಿ ಹುಳುಗಳಿದ್ದವೆಂದು ಎಲ್ಲವನ್ನೂ ಸುಟ್ಟುಹಾಕಿದರು. ಜಪಾನಿನವರು ಬೇಸರಿಸಿಕೊಳ್ಳದೆ 1912ರಲ್ಲಿ ಮತ್ತೆ 3,020 ಸಸಿಗಳನ್ನು ಕಳುಹಿಸಿದರು. ಯೊಶಿನೊ ತಳಿಯ ಚೆರ್ರಿ ಮರಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಹೂ ಅರಳಿದ ದಿನವನ್ನು ಪೂರ್ಣಾರಳುವಿಕೆಯ ದಿನವೆಂದು ರಾಷ್ಟ್ರೀಯ ಉದ್ಯಾನ ಇಲಾಖೆ ಘೋಷಿಸುತ್ತದೆ. ಶಾಲಾ ಮಂಡಳಿ ರಜೆಯ ದಿನಾಂಕವನ್ನು ವರ್ಷದ ಮೊದಲೇ ಗೊತ್ತುಮಾಡಿರುತ್ತದೆ, ಮರಗಳಿಗೆ ಆ ಸುತ್ತೋಲೆ ತಲುಪಿರುವುದಿಲ್ಲ. 2024ರಲ್ಲಿ ಅವು ಮಾರ್ಚ್ 17ಕ್ಕೇ ಅರಳಿ ಮುಗಿಸಿದವು, ಏಪ್ರಿಲ್ ರಜೆಯವರು ಟೈಡಲ್ ಬೇಸಿನ್ ಕೊಳದ ಸುತ್ತ ಎಲೆಗಳ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು.

ಫೋಟೋ ತೆಗೆಯಲಾಗದ ಸ್ಥಳವೂ ಒಂದಿದೆ. ರಾಷ್ಟ್ರೀಯ ಪತ್ರಾಗಾರದಲ್ಲಿ ಸ್ವಾತಂತ್ರ್ಯ ಘೋಷಣೆಯ ಮೂಲ ಹಾಳೆಯನ್ನು ಆರ್ಗಾನ್ ಅನಿಲ ತುಂಬಿದ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. 2010ರಿಂದ ಅಲ್ಲಿ ಕ್ಯಾಮೆರಾ ನಿಷಿದ್ಧವಾದ್ದರಿಂದ ಹಾಳೆ ತಯಾರಿಸಿದವರು ಅದಕ್ಕೆ ಐದೇ ನಿಮಿಷ ಕೊಟ್ಟಿದ್ದಾರೆ. ಶಾಯಿ ಎಷ್ಟು ಮಾಸಿದೆಯೆಂದರೆ ಆಳುವವರ ಅಧಿಕಾರ ಆಳಿಸಿಕೊಳ್ಳುವವರ ಒಪ್ಪಿಗೆಯಿಂದ ಬರುತ್ತದೆ ಎಂಬ ಸಾಲು ಎಲ್ಲಿದೆಯೆಂದು ಹುಡುಕುವುದರೊಳಗೆ ಹಿಂದಿನವರು ತಳ್ಳುತ್ತಾರೆ. ಅದನ್ನು ಹುಡುಕುವ ಕಷ್ಟ ಬೇಡವೆಂದೇ ಇರಬೇಕು, ಅದರ ಮೂಲ ಮಂತ್ರವನ್ನು ನಗರದ ಕಾರುಗಳ ನಂಬರ್ ಪ್ಲೇಟಿನ ಮೇಲೆಯೇ ಬರೆದಿದ್ದಾರೆ. ಪ್ರಾತಿನಿಧ್ಯವಿಲ್ಲದ ತೆರಿಗೆ ಎಂಬ, ಬ್ರಿಟಿಷರ ವಿರುದ್ಧ ಕೂಗಿದ ಅದೇ ಘೋಷಣೆಯನ್ನು 2000ದಿಂದ ಹೊತ್ತು ಓಡಾಡುತ್ತಿರುವವರು ಯಾವ ರಾಜ್ಯಕ್ಕೂ ಸೇರದ ಅಮೆರಿಕದ ರಾಜಧಾನಿಯ ನಿವಾಸಿಗಳು. ಸುಮಾರು ಏಳು ಲಕ್ಷ ಜನ. ವ್ಯೋಮಿಂಗ್ ಮತ್ತು ವರ್ಮಾಂಟ್ ರಾಜ್ಯಗಳ ಜನಸಂಖ್ಯೆ ಇದಕ್ಕಿಂತ ಕಡಿಮೆ, ಆದರೂ ಅವುಗಳಿಗೆ ತಲಾ ಇಬ್ಬರು ಸೆನೆಟರುಗಳಿದ್ದಾರೆ. ಇವರಿಗೆ ಸೆನೆಟಿನಲ್ಲಿ ಯಾರೂ ಇಲ್ಲ, ಕೆಳಮನೆಯಲ್ಲಿರುವ ಒಬ್ಬ ಪ್ರತಿನಿಧಿಗೆ ಮಸೂದೆಗಳ ಮೇಲೆ ಅಂತಿಮ ಮತ ಹಾಕುವ ಹಕ್ಕಿಲ್ಲ. ಅಧ್ಯಕ್ಷರನ್ನು ಆರಿಸುವ ಹಕ್ಕು ಸಿಕ್ಕಿದ್ದೂ 1961ರ ತಿದ್ದುಪಡಿಯ ನಂತರ. ಅವರು ತಮ್ಮದೇ ತೆರಿಗೆಯಿಂದ ಮಾಡಿಕೊಂಡ ಬಜೆಟ್ಟಿಗೂ ಕಾಂಗ್ರೆಸ್ಸಿನ ಕತ್ತರಿ ತಪ್ಪಿದ್ದಲ್ಲ. ಮೂರು ದಿನಗಳ ಮಟ್ಟಿಗೆ ಬರುವ ನಮ್ಮ ಎಂಟು ವರ್ಷದ ಹುಡುಗಿಗೆ ಕಾಂಗ್ರೆಸ್ಸು ಸೇರುವ ಕ್ಯಾಪಿಟಲ್ ಕಟ್ಟಡದೊಳಗೆ ಒಬ್ಬ ಸಂಸದರಾದರೂ ಇದ್ದಾರೆ. ಅವಳಿಗೆ ದಾರಿ ತೋರಿಸುವ, ಬಸ್ಸು ಓಡಿಸುವ, ಹೋಟೆಲಿನ ಹಾಸಿಗೆ ಹಾಸುವ ಆ ನಗರವಾಸಿಗಳ ಮಾತಿಗೆ ಅಲ್ಲಿ ಒಂದು ಮತದ ಬೆಲೆಯೂ ಇಲ್ಲ. ಇದನ್ನು ಬರೆಯುವಾಗ ನಗು ಬರುವುದಿಲ್ಲ.

ರಾಜ್ಯದ ಸ್ಥಾನಮಾನ ನೀಡುವ ಮಸೂದೆ 2020ರಲ್ಲಿ ಒಮ್ಮೆ, 2021ರಲ್ಲಿ ಇನ್ನೊಮ್ಮೆ ಕೆಳಮನೆಯಲ್ಲಿ ಅಂಗೀಕಾರವಾಗಿ, ಎರಡು ಸಲವೂ ಸೆನೆಟಿನಲ್ಲಿ ಮತಕ್ಕೆ ಬಾರದೆ ಉಳಿಯಿತು. 2021ರ ವಿಚಾರಣೆಯಲ್ಲಿ ಜಾರ್ಜಿಯಾದ ಸಂಸದರೊಬ್ಬರು, ವಾಷಿಂಗ್ಟನ್ನಿನಲ್ಲಿ ವಿಮಾನ ನಿಲ್ದಾಣವಿಲ್ಲ, ಕಸದ ಗುಂಡಿಯಿಲ್ಲ, ಕಾರು ಮಾರುವ ಅಂಗಡಿಯೂ ಇಲ್ಲ, ಅದು ರಾಜ್ಯವಾಗುವುದು ಹೇಗೆ ಎಂದು ಆಕ್ಷೇಪಿಸಿದರು. ಕಾರಿನ ಅಂಗಡಿ ಇದೆಯೆಂದು ಸಭೆಯಲ್ಲಿಯೇ ತಿಳಿಸಲಾಯಿತು. ಇದ್ದರೆ ತಪ್ಪಾಯಿತೆಂದರು, ನಿಲುವು ಬದಲಾಗಲಿಲ್ಲ. ಇಂಥ ಉನ್ನತ ಮಟ್ಟದ ಚರ್ಚೆಗಳನ್ನು ಸದನದ ಗ್ಯಾಲರಿಯಲ್ಲಿ ಕುಳಿತು ಮಕ್ಕಳು ಕಣ್ಣಾರೆ ನೋಡಲೆಂದು ಬಯಸುವ ಕುಟುಂಬಗಳಿಗೆ ಒಂದು ಸೂಚನೆ: ಕ್ಯಾಪಿಟಲ್ ಪ್ರವಾಸದ ಟಿಕೆಟ್ ಅಲ್ಲಿ ನಡೆಯುವುದಿಲ್ಲ, ಪ್ರತ್ಯೇಕ ಪಾಸು ಬೇಕು. ಅದನ್ನು ನಿಮ್ಮ ಸಂಸದರ ಕಚೇರಿಯಿಂದ ಪಡೆಯಬೇಕು, ನೀರಿನ ಬಾಟಲಿಯನ್ನು ಹೊರಗೇ ಖಾಲಿ ಮಾಡಿರಬೇಕು.