ದಾವೆಯಲ್ಲಿ ಬರೆಯದೇ ಬಿಟ್ಟ ಒಂದು ಶಬ್ದ

ತೊಗರಿ ರಾಶಿಯ ದಿನಗಳಲ್ಲಿ ಆಳಂದ ತಾಲ್ಲೂಕಿನಲ್ಲಿರುವ ನಮ್ಮ ಅಕ್ಕನ ಮನೆಗೆ ಹೋಗಿದ್ದೆ. ಊಟವಾದ ಮೇಲೆ ಅವಳು ಪಡಸಾಲೆಯ ಮಾಡದಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ನನ್ನ ಕೈಗಿತ್ತಳು. ಒಳಗೆ ರೇಷನ್ ಕಾರ್ಡು, ಪಹಣಿ, ಸಮವಸ್ತ್ರದಲ್ಲಿರುವ ಮಗನ ಫೋಟೊ, ಅವುಗಳ ನಡುವೆ ನಾಲ್ಕು ಮಡಿಕೆಯ ಒಂದು ಕೋರ್ಟಿನ ಕಾಗದ. ಅದರ ಹಿಂಬದಿಯಲ್ಲಿ ಒಣಗಿದ ಗೋಂದಿನ ಜೊತೆ ಬಾಗಿಲಿನ ನೀಲಿ ಬಣ್ಣದ ಚಕ್ಕೆಗಳು ಇನ್ನೂ ಅಂಟಿಕೊಂಡಿದ್ದವು. "ಬಾಗ್ಲಿಗಿ ಹಚ್ಚಿ ಹೋಗಿದ್ರು ತಮ್ಮಾ, ಹರೀಬಾರ್ದಂತ ನೀರು ಹಚ್ಚಿ ಬಿಡಿಸಿ ಇಟ್ಟೀನಿ" ಎಂದಳು. ಕಾಗದದಲ್ಲಿದ್ದ ತಾರೀಖು ಕಳೆದು ಏಳು ತಿಂಗಳಾಗಿತ್ತು. ಮಗನಿಗೆ ಯಾಕೆ ತಿಳಿಸಲಿಲ್ಲ ಎಂದು ಕೇಳಿದೆ. "ಅಲ್ಲಿ ಬಂದೂಕ ಹಿಡ್ಕೊಂಡು ನಿಂತವಗ ಈ ಸುದ್ದಿ ಹ್ಯಾಂಗ ಹೇಳ್ಲಿ?" ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಅಕ್ಕನ ಆ ಮಗ, ಅಂದರೆ ನನ್ನ ಅಳಿಯ, ಸೈನ್ಯದಲ್ಲಿದ್ದಾನೆ. ಅವನು ತನಗಾಗಿ ಒಂದು ರೂಪಾಯಿ ಸಾಲ ಮಾಡಿದವನಲ್ಲ. ಸಂಬಂಧಿಕರೊಬ್ಬರ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದ, ಅಷ್ಟೆ. ನಮ್ಮ ಕಡೆಯ ಹಳ್ಳಿಗಳಲ್ಲಿ ತಿಂಗಳು ತಿಂಗಳು ಪಗಾರ ಎಣಿಸುವ ಮನೆಗಳು ಬೆರಳೆಣಿಕೆಯಷ್ಟು. ಹಾಗಾಗಿ ಮಿಲಿಟರಿಗೆ ಸೇರಿದ ಹುಡುಗ ಮೊದಲ ರಜೆಗೆ ಬಂದಾಗಲೇ ಯಾರಾದರೊಬ್ಬರು ಜಾಮೀನಿನ ಕಾಗದ ಹಿಡಿದು ಬಂದಿರುತ್ತಾರೆ, ಅವನು ಸಂಕೋಚಕ್ಕೆ ಸಹಿ ಹಾಕಿಬಿಡುತ್ತಾನೆ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ ಎಂಬುದನ್ನು ಆ ಹೊತ್ತಿನಲ್ಲಿ ಅವನಿಗೆ ಯಾರೂ ಹೇಳುವುದಿಲ್ಲ. ಮಳೆ ಕೈಕೊಟ್ಟಿತು, ಕಂತು ನಿಂತವು, ಹಣಕಾಸು ಸಂಸ್ಥೆ ಇಬ್ಬರ ಮೇಲೂ ದಾವೆ ಹೂಡಿತು. ಇಬ್ಬರೂ ಹಾಜರಾಗಲಿಲ್ಲವೆಂದು ಏಕಪಕ್ಷೀಯ ಡಿಕ್ರಿಯೂ, ಅಂದರೆ ಅವರ ಮಾತು ಕೇಳದೆಯೇ ಕೊಟ್ಟ ತೀರ್ಪೂ, ಆಗಿಹೋಗಿತ್ತು.

ಕಲಬುರಗಿಯಲ್ಲಿ ನನಗೆ ಪರಿಚಯದ ವಕೀಲರೊಬ್ಬರು ಕಡತದ ನಕಲು ತೆಗೆಸಿ, ದಾವೆಯ ಮೊದಲ ಪುಟದ ಮೇಲೆ ಬೆರಳಿಟ್ಟು ತೋರಿಸಿದರು. ಅಳಿಯನ ಹೆಸರಿನ ಮುಂದೆ ವಯಸ್ಸು, ಊರು, ತಾಲ್ಲೂಕು ಎಲ್ಲವೂ ಇದ್ದವು. ಉದ್ಯೋಗ ಎಂಬಲ್ಲಿ 'ನೌಕರಿ' ಎಂದಷ್ಟೇ ಇತ್ತು. ಸಾಲ ಮಂಜೂರಾದಾಗ ಇದೇ ಸಂಸ್ಥೆಯವರು ಅವನ ಸೈನ್ಯದ ಪಗಾರದ ಚೀಟಿಯನ್ನೂ ಗುರುತಿನ ಚೀಟಿಯನ್ನೂ ಕೇಳಿ ಪಡೆದಿದ್ದರು, ಅವನ ಸಹಿಗೆ ಬೆಲೆ ಬಂದದ್ದೇ ಅವನು ಸೈನಿಕನೆಂಬ ಕಾರಣಕ್ಕೆ. ದಾವೆ ಬರೆಸುವಾಗ ಮಾತ್ರ ಆ ಶಬ್ದ ಬಿಟ್ಟುಹೋಗಿತ್ತು.

ಒಂದು ಶಬ್ದದಿಂದ ಏನಾಗುತ್ತದೆ ಎಂದು ನನಗೂ ಮೊದಲು ಅನ್ನಿಸಿತ್ತು. ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 28ನೇ ನಿಯಮ, ಪ್ರತಿವಾದಿ ಸೈನಿಕನಾಗಿದ್ದರೆ ಸಮನ್ಸನ್ನು ನ್ಯಾಯಾಲಯವು ಅವನ ಕಮಾಂಡಿಂಗ್ ಆಫೀಸರ್‌ಗೆ ಕಳುಹಿಸಬೇಕೆಂದು ಹೇಳುತ್ತದೆ. ಅಂದರೆ ಆ ಕಾಗದ ಅಕ್ಕನ ಮನೆಯ ಬಾಗಿಲಿಗೆ ಬರಬೇಕಾಗಿಯೇ ಇರಲಿಲ್ಲ. ಅದು ಯೂನಿಟ್‌ಗೆ ಹೋಗಿದ್ದರೆ, ರಜೆ ಸಿಗದ ಸೈನಿಕನು ಅಧಿಕಾರಿಯ ಸಮಕ್ಷಮದಲ್ಲಿ ಸಹಿ ಮಾಡಿ ಮನೆಯವರೊಬ್ಬರಿಗೆ ಕೇಸು ನಡೆಸುವ ಅಧಿಕಾರ ಕೊಡಲು 28ನೇ ಆದೇಶದಲ್ಲಿ ಅವಕಾಶವಿದೆ. 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ ಇನ್ನೂ ಮುಂದೆ ಹೋಗುತ್ತದೆ. ಯುದ್ಧದಂಥ ವಿಶೇಷ ಪರಿಸ್ಥಿತಿಗಳಲ್ಲಿ ಸೇವೆಯಲ್ಲಿರುವ ಸೈನಿಕನ ವಿರುದ್ಧದ ಸಿವಿಲ್ ಮತ್ತು ಕಂದಾಯ ವ್ಯಾಜ್ಯಗಳನ್ನು ತಡೆಹಿಡಿಯಲು, ಅವನ ಗೈರುಹಾಜರಿಯಲ್ಲಿ ಆದ ಡಿಕ್ರಿಯನ್ನು ರದ್ದುಪಡಿಸಲು, ಕಾಲಮಿತಿಯ ಲೆಕ್ಕದಿಂದ ಆ ಸೇವೆಯ ಅವಧಿಯನ್ನು ಬಿಡಲು ಅದರಲ್ಲಿ ದಾರಿಗಳಿವೆ. ಸೈನಿಕನೊಬ್ಬ ಹಾಜರಾಗಲಾರದ ಸ್ಥಿತಿಯಲ್ಲಿದ್ದಾನೆಂದು ಜಿಲ್ಲಾಧಿಕಾರಿಗೆ ಕಂಡುಬಂದರೆ, ಅವರೇ ನ್ಯಾಯಾಲಯಕ್ಕೆ ಆ ಬಗ್ಗೆ ಪ್ರಮಾಣಪತ್ರ ಕಳುಹಿಸಬಹುದು. ಎದುರಾಳಿ ಅಂಥ ಸೇವೆಯಲ್ಲಿದ್ದಾನೆಂದು ನಂಬಲು ಕಾರಣವಿದ್ದರೆ ದಾವೆ ಹೂಡುವವನು ಅದನ್ನು ದಾವೆಯಲ್ಲೇ ಬರೆಯಬೇಕೆಂದೂ ಆ ಕಾಯ್ದೆ ಹೇಳುತ್ತದೆ.

ನನ್ನ ತಕರಾರು ಇರುವುದು ಈ 'ನಂಬಲು ಕಾರಣವಿದ್ದರೆ' ಎಂಬ ಮಾತಿನ ಬಗ್ಗೆ. ಸೈನಿಕನೆಂದು ಗೊತ್ತಿತ್ತು, ಆದರೆ ಎಲ್ಲಿದ್ದಾನೆ, ಯಾವ ಪರಿಸ್ಥಿತಿಯಲ್ಲಿದ್ದಾನೆ ಎಂಬುದು ಗೊತ್ತಿರಲಿಲ್ಲ ಎಂದು ಹೇಳಿ ಸಾಲ ಕೊಟ್ಟವರು ಕೈತೊಳೆದುಕೊಳ್ಳಬಹುದು. ಆಗ ತಾನು ಸೈನಿಕ, ತನಗೆ ರಕ್ಷಣೆಯಿದೆ ಎಂದು ಮೊದಲು ಬಾಯಿ ತೆರೆಯಬೇಕಾದವನು, ಕೇಸಿನ ಸುದ್ದಿಯೇ ತಲುಪದ ಆ ಹುಡುಗ.

ಅಮೆರಿಕದಲ್ಲಿ 2003ರ ಸರ್ವಿಸ್‌ಮೆಂಬರ್ಸ್ ಸಿವಿಲ್ ರಿಲೀಫ್ ಆಕ್ಟ್ ಈ ಹೊರೆಯನ್ನು ತಿರುಗಿಸಿ ಇಟ್ಟಿದೆ. ಅಲ್ಲಿ ಪ್ರತಿವಾದಿ ಹಾಜರಾಗದ ಸಿವಿಲ್ ದಾವೆಯಲ್ಲಿ ತೀರ್ಪು ಕೇಳುವವನು, ಆ ಪ್ರತಿವಾದಿ ಸೇನಾ ಸೇವೆಯಲ್ಲಿದ್ದಾನೆಯೇ ಇಲ್ಲವೇ ಎಂಬುದರ ಬಗ್ಗೆ ಮೊದಲು ಅಫಿಡವಿಟ್ ಸಲ್ಲಿಸಬೇಕು. ಗೊತ್ತಿದ್ದೂ ಸುಳ್ಳು ಬರೆದರೆ ಅಪರಾಧ. ಸೇವೆಯಲ್ಲಿದ್ದರೆ ಅವನ ಪರ ವಕೀಲರನ್ನು ನೇಮಿಸದೆ ನ್ಯಾಯಾಲಯ ತೀರ್ಪು ಕೊಡುವಂತಿಲ್ಲ. ಸೇವೆಗೆ ಸೇರುವ ಮುಂಚಿನ ಸಾಲಗಳಿಗೆ ಸೈನಿಕನು ಲಿಖಿತವಾಗಿ ಕೇಳಿಕೊಂಡರೆ ಬಡ್ಡಿ ಶೇ. 6ನ್ನು ಮೀರುವಂತಿಲ್ಲ, ಮೀರಿದ ಬಡ್ಡಿ ಮನ್ನಾ ಆಗುತ್ತದೆ. ಸೇವೆಯಲ್ಲಿದ್ದಾಗ ಪಡೆಯುವ ಹಲವು ಬಗೆಯ ಗ್ರಾಹಕ ಸಾಲಗಳಿಗೆ 2006ರ ಮಿಲಿಟರಿ ಲೆಂಡಿಂಗ್ ಆಕ್ಟ್, ಶುಲ್ಕಗಳನ್ನೂ ಸೇರಿಸಿ, ವರ್ಷಕ್ಕೆ ಶೇ. 36ರ ಮಿತಿ ಹಾಕಿದೆ. ಆ ದೇಶದ ಎಲ್ಲವನ್ನೂ ಇಲ್ಲಿಗೆ ತರಬೇಕೆಂದು ನಾನು ಹೇಳುತ್ತಿಲ್ಲ. ಆ ಅಫಿಡವಿಟ್‌ನ ನಿಯಮವೊಂದನ್ನು ಮಾತ್ರ ತರಲೇಬೇಕು, ಏಕೆಂದರೆ ಅದಕ್ಕೆ ಸರ್ಕಾರದ ಖಜಾನೆಯಿಂದ ಖರ್ಚಾಗುವಂಥದ್ದು ಹೆಚ್ಚೇನಿಲ್ಲ.

ನಮ್ಮಲ್ಲಿರುವ ರಕ್ಷಣೆ ಕಡಿಮೆಯದೇನಲ್ಲ. 1950ರ ಸೇನಾ ಕಾಯ್ದೆಯ 28ನೇ ಕಲಂ ಪ್ರಕಾರ ಡಿಕ್ರಿಯ ವಸೂಲಿಗಾಗಿ ಸೈನಿಕನ ಪಗಾರ, ಭತ್ಯೆಗಳನ್ನು ಜಪ್ತಿ ಮಾಡುವಂತಿಲ್ಲ. 29ನೇ ಕಲಂ ಪ್ರಕಾರ ಸಾಲಕ್ಕಾಗಿ ಅವನನ್ನು ಸಿವಿಲ್ ಅಥವಾ ಕಂದಾಯ ನ್ಯಾಯಾಲಯ ಬಂಧಿಸುವಂತಿಲ್ಲ. ಆದರೆ ಇವೆಲ್ಲ ನ್ಯಾಯಾಲಯದ ಮೂಲಕವೇ ವಸೂಲಿ ನಡೆಯುತ್ತಿದ್ದ ಕಾಲದ ಕಾನೂನುಗಳು. ಇಂದು ಕಂತು ತಿಂಗಳ ಮೊದಲ ವಾರದಲ್ಲಿ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ, ಅದಕ್ಕೆ ಸಹಿ ಹಾಕಿಕೊಟ್ಟವನು ಸೈನಿಕನೇ ಆಗಿರುವುದರಿಂದ ಜಪ್ತಿಯ ವಿನಾಯಿತಿ ಅಲ್ಲಿ ಅವನ ನೆರವಿಗೆ ಬರುವುದಿಲ್ಲ. 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು 60 ದಿನಗಳ ನೋಟಿಸು ಕೊಟ್ಟು, ದಾವೆ ಹೂಡದೆಯೇ ಅಡವಿಟ್ಟ ಮನೆಯನ್ನು ಹರಾಜಿಗೆ ಇಡಬಹುದು. ಕೃಷಿ ಜಮೀನಿಗೆ ಅದರಲ್ಲಿ ವಿನಾಯಿತಿ ಇದೆ, ಗಡಿಯಲ್ಲಿರುವ ಸೈನಿಕನ ಮನೆಗೆ ಇಲ್ಲ. 2022ರಿಂದ ಸೇರುತ್ತಿರುವ ಅಗ್ನಿವೀರರ ಸೇವೆ ನಾಲ್ಕು ವರ್ಷ, ಅವರಲ್ಲಿ ಮುಂದುವರಿಯುವವರು ಶೇ. 25ರವರೆಗೆ ಮಾತ್ರ. ಅಂಥ ಹುಡುಗನಿಗೆ ಐದು ಅಥವಾ ಏಳು ವರ್ಷದ ವಾಹನ ಸಾಲ ಕೊಡುವವರು, ನಾಲ್ಕನೆಯ ವರ್ಷದ ನಂತರ ಕಂತು ಎಲ್ಲಿಂದ ಬರುತ್ತದೆ ಎಂದು ಕೇಳಿಯೇ ಕೊಡಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಇದನ್ನು ಓದುವವರಲ್ಲಿ ಮಕ್ಕಳು ಸೈನ್ಯದಲ್ಲಿರುವ ಮನೆಯವರಿದ್ದರೆ ಅವರಿಗೆ ಎರಡು ಮಾತು. ವಸ್ತು ಅಥವಾ ಸೇವೆಯಲ್ಲಿ ಮೋಸವಾಗಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರನು ತಾನು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು, ವಿಡಿಯೊ ಮೂಲಕ ವಿಚಾರಣೆಗೆ ಹಾಜರಾಗಲು ಕೇಳಿಕೊಳ್ಳಬಹುದು. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ ಮತ್ತು ಸಂಜೆ 7ರ ನಂತರ ಫೋನು ಮಾಡುವಂತಿಲ್ಲವೆಂಬ ರಿಸರ್ವ್ ಬ್ಯಾಂಕಿನ ನಿಯಮವಿದೆ. ಒಬ್ಬಂಟಿ ತಾಯಿಗೆ ರಾತ್ರಿ ಹೊತ್ತು ಕರೆ ಬಂದರೆ ಆ ನಂಬರನ್ನೂ ಸಮಯವನ್ನೂ ಬರೆದಿಡಿ. 2025ರಲ್ಲಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು ಸೈನಿಕರ ಕುಟುಂಬಗಳಿಗೆಂದೇ ವೀರ್ ಪರಿವಾರ್ ಸಹಾಯತಾ ಯೋಜನೆಯನ್ನು ಆರಂಭಿಸಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯಲ್ಲಿ ಅದರ ಹೆಸರು ಹೇಳಿಯೇ ಕೇಳಿ. ಮತ್ತು ಬಾಗಿಲಿಗೆ ಯಾವುದೇ ಕಾಗದ ಬಂದರೂ ಅದರ ಫೋಟೊ ಅದೇ ದಿನ ಮಗನಿಗೆ ಹೋಗಲಿ. ಅವನು ಗಾಬರಿಯಾದಾನೆಂದು ಮುಚ್ಚಿಟ್ಟ ಏಳು ತಿಂಗಳು ನಮ್ಮ ಅಕ್ಕನಿಗೆ ಎಷ್ಟು ಭಾರವಾದವು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಳಿಯನ ಕಮಾಂಡಿಂಗ್ ಆಫೀಸರ್ ಕೊಟ್ಟ ಪತ್ರವನ್ನೂ ಪಗಾರದ ಚೀಟಿಯ ನಕಲನ್ನೂ ಲಗತ್ತಿಸಿ ವಕೀಲರು ಅರ್ಜಿ ಹಾಕಿದರು. ನ್ಯಾಯಾಲಯವು ಅವನ ವಿರುದ್ಧದ ಡಿಕ್ರಿಯನ್ನು ರದ್ದುಪಡಿಸಿ ವಿಚಾರಣೆಯನ್ನು ಮತ್ತೆ ತೆರೆದಿದೆ. ಜಾಮೀನಿನ ಹೊಣೆ ತೀರಿಲ್ಲ, ಅವನ ಮಾತು ಕೇಳಿಸಿಕೊಳ್ಳುವ ಅವಕಾಶ ಸಿಕ್ಕಿದೆ. ಕೇಸಿಗಾಗಿ ರಜೆ ಪಡೆದ ಸೈನಿಕನು ಅದರ ಪ್ರಮಾಣಪತ್ರ ಹಾಜರುಪಡಿಸಿದರೆ, ಸಾಧ್ಯವಾದ ಮಟ್ಟಿಗೆ ಆ ರಜೆಯೊಳಗೇ ವಿಚಾರಣೆ ಮುಗಿಸಬೇಕೆಂದು ಸೇನಾ ಕಾಯ್ದೆಯ 32ನೇ ಕಲಂ ಹೇಳುತ್ತದೆ, ಆ ಅರ್ಜಿಗೆ ಶುಲ್ಕವೂ ಇಲ್ಲ. ಅವನ ರಜೆ ಮಂಜೂರಾಗಿದೆ, ಪ್ರಮಾಣಪತ್ರ ಮೊನ್ನೆ ಅಂಚೆಯಲ್ಲಿ ಬಂತು. ಅಕ್ಕ ಅದನ್ನು ಅದೇ ಚೀಲದಲ್ಲಿ, ಮಗನ ಫೋಟೊದ ಪಕ್ಕ ಇಟ್ಟಿದ್ದಾಳೆ. ಸೋಮವಾರ ನಾನು ಅದನ್ನು ವಕೀಲರಿಗೆ ಮುಟ್ಟಿಸುತ್ತೇನೆ.