ಗಟ್ಟಿಮೇಳ ಮೊದಲು, ತಾಳಿ ಆಮೇಲೆ

ಪುರೋಹಿತರು ಪಂಚಾಂಗ ತಿರುವಿ ಹಿಡಿದ ಮುಹೂರ್ತವನ್ನು ತಪ್ಪಿಸಲು ಒಂದು ಡ್ರಾಪ್‌ಡೌನ್ ಮೆನು ಸಾಕು. ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿ ಮಲಗಿದ್ದ ಮದುವೆ ಡಿವಿಡಿಯನ್ನು ಅಜ್ಜಿಯ ಟ್ಯಾಬ್ಲೆಟ್ಟಿಗೆ ಇಳಿಸುವಾಗ ಸೆಕೆಂಡಿಗೆ 25 ಫ್ರೇಮಿನ, ಅಂದರೆ 25 ಬಿಡಿ ಚಿತ್ರಗಳ, ವಿಡಿಯೋಗೆ 24ರ ಹಣೆಪಟ್ಟಿ ಅಂಟಿತು ಅನ್ನಿ. ಒಂದು ನಿಮಿಷದ 1,500 ಫ್ರೇಮು ಓಡಿ ಮುಗಿಯಲು 62.5 ಸೆಕೆಂಡು ಹಿಡಿಯುತ್ತದೆ. ಧ್ವನಿ ಮಾತ್ರ ತನ್ನ ಪಾಡಿಗೆ 60ರಲ್ಲೇ ಮುಗಿಸುತ್ತದೆ. ಧಾರೆ ಬರುವುದು ಮೂವತ್ತನೇ ನಿಮಿಷಕ್ಕಾದರೆ ಅಷ್ಟರಲ್ಲಿ ಅಂತರ 75 ಸೆಕೆಂಡು. ಗಟ್ಟಿಮೇಳ ಮುಗಿದು, ಊಟಕ್ಕೆ ಏಳಿ ಎಂದು ಯಾರೋ ಕೂಗುತ್ತಿರುತ್ತಾರೆ. ಪರದೆಯ ಮೇಲೆ ಅಂತರಪಟವೇ ಸರಿದಿಲ್ಲ.

ರೋಗ ಯಾವುದೆಂದು ಮೊದಲು ನೋಡಿ. ಸದ್ದೂ ಚಿತ್ರವೂ ಒಟ್ಟಿಗೆ ಇರಬೇಕಾದ ಎರಡು ಜಾಗ ಹುಡುಕಿ: ಶುರುವಿನಲ್ಲಿ ತೆಂಗಿನಕಾಯಿ ಒಡೆಯುವುದು, ಕೊನೆಯಲ್ಲಿ ಮಂಗಳಾರತಿಯ ಗಂಟೆ. ಎರಡೂ ಕಡೆ ಅಷ್ಟೇ ಅಂತರವಿದ್ದರೆ ಫ್ರೇಮ್ ರೇಟಿನ (ಸೆಕೆಂಡಿಗೆ ಎಷ್ಟು ಫ್ರೇಮು ಎಂಬ ಲೆಕ್ಕದ) ತಪ್ಪಲ್ಲ, ಧ್ವನಿಯನ್ನು ಒಂದಿಷ್ಟು ಮಿಲಿಸೆಕೆಂಡು ಸರಿಸಿದರೆ ಆಯಿತು. ಅಂತರ ಬೆಳೆಯುತ್ತಾ ಹೋದರೆ ಹಣೆಪಟ್ಟಿಯ ತಪ್ಪು. ಫ್ರೇಮುಗಳೆಲ್ಲ ಹಾಗೇ ಇದ್ದರೆ ಮತ್ತೆ ಕನ್ವರ್ಟ್ ಮಾಡುವ ಗೋಜು ಬೇಡ: ಎಂಕೆವಿಟೂಲ್‌ನಿಕ್ಸ್ ಎಂಬ ಸಾಫ್ಟ್‌ವೇರಿನಲ್ಲಿ ಫೈಲು ತೆರೆದು, ವಿಡಿಯೋ ಟ್ರ್ಯಾಕಿನ ಡೀಫಾಲ್ಟ್ ಡ್ಯುರೇಶನ್ ಜಾಗದಲ್ಲಿ 25 ಎಂದು ಬರೆದು ಮಕ್ಸ್ ಮಾಡಿ, ಅಂದರೆ ಚಿತ್ರ, ಧ್ವನಿ ಎರಡನ್ನೂ ಒಂದೇ ಫೈಲಿಗೆ ಮತ್ತೆ ಕಟ್ಟಿ. ಕಾಫಿ ಆರುವುದರೊಳಗೆ ಮುಗಿಯುವ ಕೆಲಸ.

ನಮ್ಮಲ್ಲಿ ಬಳಕೆಯಲ್ಲಿದ್ದದ್ದು ಪಾಲ್ (PAL) ಎಂಬ ಟಿವಿ ಪದ್ಧತಿ. ಹಾಗಾಗಿ ಇಲ್ಲಿನ ಮದುವೆ ಡಿವಿಡಿ ಅಂದರೆ 720x576, ಸೆಕೆಂಡಿಗೆ 25 ಫ್ರೇಮು. ಇದನ್ನು 30 ಮಾಡಿದರೆ ನುಣುಪಾಗುತ್ತದೆ ಅನ್ನುವುದು ಹಾಲಿಗೆ ನೀರು ಬೆರೆಸಿ ಲೀಟರು ಹೆಚ್ಚಾಯಿತು ಅಂದ ಹಾಗೆ. ಇಲ್ಲದ 5 ಫ್ರೇಮನ್ನು ಸಾಫ್ಟ್‌ವೇರ್ ಎಲ್ಲಿಂದ ತರಬೇಕು? ಪ್ರತಿ ಐದರಲ್ಲಿ ಒಂದನ್ನು ಎರಡು ಸಲ ತೋರಿಸುತ್ತದೆ. ಕ್ಯಾಮೆರಾ ಊಟದ ಪಂಕ್ತಿಯುದ್ದಕ್ಕೂ ಸಾಗುವಾಗ ಸೆಕೆಂಡಿಗೆ ಐದು ಸಲ ಮುಗ್ಗರಿಸುತ್ತದೆ, ಹೋಳಿಗೆ ಬಡಿಸುವವರಿಗೇ ಬಿಕ್ಕಳಿಕೆ ಬಂದಂತೆ. ವಿಡಿಯೋ ಕನ್ವರ್ಟ್ ಮಾಡುವ ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರಿನಲ್ಲಿ ‘ಫಾಸ್ಟ್ 576ಪಿ25’ ಪ್ರೀಸೆಟ್ ಆರಿಸಿ, ವಿಡಿಯೋ ಟ್ಯಾಬಿನಲ್ಲಿ ‘ಸೇಮ್ ಆಸ್ ಸೋರ್ಸ್’ ಹಾಕಿ, ಕೆಳಗೆ ‘ಕಾನ್‌ಸ್ಟಂಟ್’ ಒತ್ತಿ. ಡಿಸ್ಕಿನ ವಿಡಿಯೋ_ಟಿಎಸ್ ಫೋಲ್ಡರನ್ನು ಇಡಿಯಾಗಿ ಕೊಡಿ. 1 ಜಿಬಿ ಒಳಗಿನ ತುಂಡುಗಳಾಗಿರುವ ವಿಒಬಿ ಫೈಲುಗಳನ್ನು ಒಂದೊಂದಾಗಿ ಎಳೆದು ಹಾಕಿದರೆ ಒಂದರಲ್ಲಿ ಕಾಶೀಯಾತ್ರೆ ಅರ್ಧಕ್ಕೇ ನಿಲ್ಲುತ್ತದೆ.

ಇನ್ನು ಚಿತ್ರದ ಅಂಚಿನಲ್ಲಿ ಮೂಡುವ ಬಾಚಣಿಗೆ. ಆ ಕಾಲದ ಕ್ಯಾಮೆರಾ ಒಂದು ಫ್ರೇಮಿನ ಬೆಸ ಗೆರೆಗಳನ್ನೂ ಸಮ ಗೆರೆಗಳನ್ನೂ ಬೇರೆ ಬೇರೆಯಾಗಿ, 1/50 ಸೆಕೆಂಡಿನ ಅಂತರದಲ್ಲಿ ಹಿಡಿಯುತ್ತಿತ್ತು. ನಿಂತವರು ಸರಿಯಾಗಿ ಕಾಣುತ್ತಾರೆ. ಆದರೆ ಮದುವೆಯಲ್ಲಿ ನಿಂತವರು ಯಾರು? ಹಾರುವ ಅಕ್ಷತೆ, ಓಡುವ ಮಕ್ಕಳು, ಎಲ್ಲದರ ಅಂಚಿಗೂ ಹಲ್ಲು ಮೂಡುತ್ತದೆ. ಕಂಪ್ಯೂಟರಿನಲ್ಲಿ ಚೆನ್ನಾಗೇ ಇತ್ತಲ್ಲ ಅನ್ನಬೇಡಿ. ವಿಎಲ್‌ಸಿ ಪ್ಲೇಯರ್ ತಾನೇ ಗುಟ್ಟಾಗಿ ಬಾಚಿ ತೋರಿಸುತ್ತದೆ. ಅದರ ಡೀಇಂಟರ್‌ಲೇಸ್ (ಬಾಚುವ ಆಯ್ಕೆ) ಆಫ್ ಮಾಡಿ, ‘ಇ’ (E) ಕೀಲಿ ಒತ್ತುತ್ತಾ ಒಂದೊಂದೇ ಫ್ರೇಮು ನೋಡಿದರೆ ನಿಜ ಮುಖ ಕಾಣುತ್ತದೆ. ಹ್ಯಾಂಡ್‌ಬ್ರೇಕ್‌ನ ಫಿಲ್ಟರ್ಸ್‌ನಲ್ಲಿ ‘ಡೀಕೋಂಬ್’ ಹಾಕಿ. ಚಲನೆ ಇನ್ನೂ ನಯವಾಗಬೇಕೆಂದರೆ ಅದರ ‘ಬಾಬ್’ ಆರಿಸಿ. ಎರಡು ಅರ್ಧಗಳೂ ಬೇರೆ ಬೇರೆ ಫ್ರೇಮಾಗಿ 50 ಸಿಗುತ್ತವೆ, ಇವು ಸುಳ್ಳು ಫ್ರೇಮುಗಳಲ್ಲ. ಆಗ ಫ್ರೇಮ್ ರೇಟನ್ನೂ 50ಕ್ಕೆ ಏರಿಸಬೇಕು. 25ರಲ್ಲೇ ಬಿಟ್ಟರೆ ಕಷ್ಟಪಟ್ಟು ಬಿಡಿಸಿದ್ದರಲ್ಲಿ ಅರ್ಧವನ್ನು ಅದೇ ಎಸೆಯುತ್ತದೆ.

ಬಾಬ್ ಮಾಡಿದ ಮೇಲೆ ವಧುವಿನ ತಲೆಗೆ ಬೀಳುವ ಅಕ್ಷತೆ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಬರುತ್ತಿದ್ದರೆ ಹಾಕಿದವರು ಮನಸ್ಸು ಬದಲಿಸಿದ್ದಾರೆ ಎಂದಲ್ಲ, ಫೀಲ್ಡ್ ಆರ್ಡರ್, ಅಂದರೆ ಆ ಎರಡು ಅರ್ಧಗಳಲ್ಲಿ ಯಾವುದು ಮೊದಲು ಎಂಬ ಕ್ರಮ, ತಿರುಗುಮುರುಗಾಗಿದೆ. ಮಿನಿ ಡಿವಿ ಕ್ಯಾಸೆಟ್ಟಿನದು ಬಾಟಮ್ ಫೀಲ್ಡ್ (ಸಮ ಗೆರೆಗಳ ಅರ್ಧ) ಮೊದಲು. ಡಿಸ್ಕ್ ಮಾಡುವಾಗ ಟಾಪ್ ಎಂದು ಗುರುತು ಹಾಕಿದ್ದರೆ ಈ ಅವಾಂತರ. ಫಿಲ್ಟರಿನ ಕಸ್ಟಮ್ ಸಾಲಿನಲ್ಲಿ ಪ್ಯಾರಿಟಿ 1 ಎಂದು ಕೊಟ್ಟರೆ ಬಾಟಮ್ ಮೊದಲಾಗುತ್ತದೆ.

ವಿಸಿಡಿಗೆ ಇದ್ಯಾವ ಉಪಚಾರವೂ ಬೇಡ. 352x288ರ ಆ ಚಿತ್ರದಲ್ಲಿ ಬಾಚಲು ಕೂದಲೇ ಇಲ್ಲ.

ಅಮೆರಿಕದಲ್ಲಿ ನಡೆದ ಮದುವೆಯ ಡಿಸ್ಕು ಬಂದರೆ ಅದು ಅಲ್ಲಿನ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ, 720x480, ಸೆಕೆಂಡಿಗೆ 29.97. ಇದನ್ನು ದುಂಡಗೆ 30 ಎಂದು ಬರೆದರೆ ಗಂಟೆಗೆ 3.6 ಸೆಕೆಂಡು ಜಾರುತ್ತದೆ, ಈ ಸಲ ಚಿತ್ರವೇ ಮುಂದೆ: ತಾಳಿ ಕಟ್ಟಿಯಾದ ಮೇಲೆ ಪುರೋಹಿತರು ‘ಗಟ್ಟಿಮೇಳ, ಗಟ್ಟಿಮೇಳ’ ಅನ್ನುತ್ತಾರೆ. ‘ಡೀಟೆಲಿಸಿನ್’ ಎಂಬ ಆಯ್ಕೆ ಕಂಡರೆ ಕೈ ಹಾಕಬೇಡಿ. ಅದು 24 ಫ್ರೇಮಿನ ಸಿನಿಮಾ ರೀಲಿನಿಂದ ಬಂದ ಡಿಸ್ಕಿಗೆ. ಚಿಕ್ಕಪ್ಪ ಹ್ಯಾಂಡಿಕ್ಯಾಮಿನಲ್ಲಿ ಹಿಡಿದದ್ದಕ್ಕೆ ಡೀಕೋಂಬ್ ಸಾಕು.

ಎಲ್ಲ ಸರಿಯಾದ ಮೇಲೂ ಟ್ಯಾಬ್ಲೆಟ್ಟಿನಲ್ಲಿ ಒಂದು ಸಣ್ಣ ನಡುಕ ಉಳಿಯಬಹುದು. 60 ಹರ್ಟ್ಸ್‌ನ ಪರದೆ 25 ಫ್ರೇಮನ್ನು ಕೆಲವು ಸಲ ಎರಡು, ಕೆಲವು ಸಲ ಮೂರು ಮಿಟುಕಿಗೆ ಹಂಚುತ್ತದೆ. ಅದನ್ನು ಹುಡುಕಿ ನೋಡುವವರು ನೀವೊಬ್ಬರೇ. ಅಜ್ಜಿ ಹುಡುಕುತ್ತಿರುವುದು ಪಂಕ್ತಿಯ ಮೂರನೇ ಎಲೆಯಲ್ಲಿ ಕೂತ ತಮ್ಮನನ್ನು.