ಶಿಖರಕ್ಕೆ ನೇರ ದಾರಿಯಿಂದ ಹಾನಿ ಕಡಿಮೆಯಲ್ಲ, ಹೆಚ್ಚು

‘ಕುದುರೆಮುಖದಂಥ ಹುಲ್ಲುಗುಡ್ಡಗಳಲ್ಲಿ ಮರ ಕಡಿಯಬೇಕಿಲ್ಲ, ತುದಿಗೆ ನೇರ ಕಾಲುದಾರಿ ಮಾಡಿದರೆ ಹಾನಿ ಕಡಿಮೆ’ ಎಂಬ ವಾದ ಹರಿದಾಡುತ್ತಿದೆ. ಇದು ತಪ್ಪು. ಬೂಟುಗಳು ಹುಲ್ಲಿನ ಬೇರು ಕಿತ್ತ ಮೇಲೆ ಮಳೆನೀರು ಅದೇ ಗೆರೆಯಲ್ಲಿ ಇಳಿದು ಮಣ್ಣು ಕೊರೆಯುತ್ತದೆ. ದಾರಿ ತೋಡಾಗುತ್ತದೆ. ಕೆಸರು ತಪ್ಪಿಸಲು ಜನ ಪಕ್ಕದ ಹುಲ್ಲು ತುಳಿಯುತ್ತಾರೆ, ಒಂದು ದಾರಿ ಮೂರಾಗುತ್ತದೆ.

ಹಾಗಾಗಿ ದಾರಿ ನೇರ ಏರದೆ ಗುಡ್ಡದ ಮೈಗೆ ಅಡ್ಡವಾಗಿ, ಓರೆಯಾಗಿ ಏರಬೇಕು. ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧ ಮೀರಬಾರದು: ಇಳಿಜಾರು ಶೇ 16 ಇದ್ದರೆ ಏರು ಶೇ 8ರೊಳಗೆ, ಅಂದರೆ 100 ಮೀಟರಿಗೆ 8 ಮೀಟರ್ ಏರಿಕೆಯೊಳಗೆ. ಗುಡ್ಡ ಎಷ್ಟೇ ಕಡಿದಾಗಿರಲಿ, ಒಟ್ಟು ಸರಾಸರಿ ಶೇ 10 ದಾಟದಿರಲಿ. ನೀರು ಹರಿದುಹೋಗಲು ದಾರಿ ಹೊರಬದಿಗೆ, ಅಂದರೆ ಇಳಿಜಾರಿನ ಕೆಳಗಿನ ಕಡೆಗೆ, ಶೇ 5ರಷ್ಟು ವಾಲಿರಬೇಕು. ಅಲ್ಲಲ್ಲಿ ಏರು ಮುರಿದು ನಾಲ್ಕು ಹೆಜ್ಜೆ ಇಳಿಸಿ ಮತ್ತೆ ಏರಿಸಿದರೆ ನೀರು ಅಲ್ಲೇ ಹೊರಬೀಳುತ್ತದೆ. ಅಗೆದ ಮಣ್ಣನ್ನು ಹೊರ ಅಂಚಿನಲ್ಲೇ ದಿಬ್ಬವಾಗಿ ಬಿಟ್ಟರೆ ಇದೆಲ್ಲ ವ್ಯರ್ಥ. ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ನಾವು ಕಂಡಂತೆ ಬಹಳ ದಾರಿಗಳು ಕೆಡುವುದು ಇಲ್ಲೇ. ಶೋಲಾ (ಗುಡ್ಡಗಳ ಮಡಿಲಿನ ಕಾಡು) ಅಂಚಿನ ಒರತೆ, ಜೌಗುಗಳನ್ನು ತಪ್ಪಿಸಿ ಸುತ್ತಿ ಹೋಗಿ. ದಾಟಲೇಬೇಕಾದಲ್ಲಿ ಚಪ್ಪಡಿ ಕಲ್ಲು ಇಡಿ.

ಇನ್ನು, ರಾಷ್ಟ್ರೀಯ ಉದ್ಯಾನದಲ್ಲಿ ಚಾರಣ ತಂಡಗಳು ತಾವಾಗಿ ದಾರಿ ಕಡಿಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಪ್ರವಾಸಿಗರ ಪ್ರವೇಶಕ್ಕೇ ಅನುಮತಿ ಬೇಕು.